ಹೆಂಚಿನ ಮನೆಗೆ ಸಬ್‌ವೂಫರ್: 18 ಇಂಚೇ ಬೇಕಾ, 12 ಸಾಕಾ?

ನೀರ್‌ದೋಸೆ808:

ಉಡುಪಿ ಹತ್ತಿರ ಕಟಪಾಡಿಯಲ್ಲಿ ನಮ್ಮ ಮನೆ. ಹಳೇ ಹೆಂಚಿನ ಮನೆ, ಮುರಕಲ್ಲಿನ ಗೋಡೆ. ಹಾಡು ಕೇಳುವ ಚಾವಡಿ 6 ಮೀಟರ್ ಉದ್ದ, 4 ಮೀಟರ್ ಅಗಲ ಉಂಟು. ಕೇಳುವುದು ಜಾಸ್ತಿ ಟೆಕ್ನೋ, ಡಬ್‌ಸ್ಟೆಪ್, ಡ್ರಮ್ ಆಂಡ್ ಬೇಸ್ ಅಂಥ ಎಲೆಕ್ಟ್ರಾನಿಕ್ ಹಾಡು. ಈಗಿರುವ 6 ಇಂಚಿನ ಜೋಡಿ ಸ್ಪೀಕರಿನಲ್ಲಿ ಕಿಕ್ ಡ್ರಮ್ಮಿನ ಟಕ್ ಟಕ್ ಮಾತ್ರ ಬರುತ್ತದೆ, ಅದರ ಕೆಳಗಿನ ದುಂ ಇಲ್ಲವೇ ಇಲ್ಲ. ಅದೇ ಹಾಡು ಹೆಡ್‌ಫೋನಿನಲ್ಲಿ ಕೇಳಿದರೆ ಬೇರೆಯೇ ಹಾಡು.

ಹಾಗಾಗಿ ಒಂದು ಸಬ್ (ಸಬ್‌ವೂಫರ್, ಕೆಳಗಿನ ಬೇಸ್ ಮಾತ್ರ ನುಡಿಸುವ ಸ್ಪೀಕರ್) ನಾನೇ ಮಾಡುವ ಅಂತ ಹೊರಟಿದ್ದೇನೆ. ಡಿಜೆ ಕೆಲಸಕ್ಕೆ ಹೋಗುವ ದೋಸ್ತಿ ಒಬ್ಬ "18 ಇಂಚು ಹಾಕು, 1000 ವ್ಯಾಟ್ ಕೊಡು, ಮತ್ತೆ ಮಾತೇ ಇಲ್ಲ" ಅಂತಾನೆ. ಅಷ್ಟು ದೊಡ್ಡ ಪೆಟ್ಟಿಗೆ ಚಾವಡಿಗೆ ತಂದರೆ ಅಮ್ಮ ನನ್ನನ್ನೂ ಸೇರಿಸಿ ಹೊರಗೆ ಹಾಕುತ್ತಾರೆ. ಹಳೇ 5.1ರಿಂದ ತೆಗೆದ 5200-1943 ಟ್ರಾನ್ಸಿಸ್ಟರ್ ಜೋಡಿಯ ಆಂಪ್ ಬೋರ್ಡ್ ಒಂದು ಬಿದ್ದಿದೆ, ಟ್ರಾನ್ಸ್‌ಫಾರ್ಮರ್ 24-0-24. ಪೆಟ್ಟಿಗೆ ಮಾಡಿಕೊಡಲು ಪರಿಚಯದ ಆಚಾರಿ ಇದ್ದಾರೆ. ಕೈಯಲ್ಲಿ 25 ಸಾವಿರ. ಎಷ್ಟು ಇಂಚು? ಪೆಟ್ಟಿಗೆಗೆ ಪೋರ್ಟ್ (ಗಾಳಿ ಹೋಗಿ ಬರುವ ಪೈಪ್) ಬೇಕಾ, ಬೇಡವಾ? ಎಂಡಿಎಫ್ಫಾ (ಮರದ ನಾರು ಒತ್ತಿ ಮಾಡಿದ ಹಲಗೆ), ಪ್ಲೈವುಡ್ಡಾ? ಗೊತ್ತಿದ್ದವರು ಸ್ವಲ್ಪ ಹೇಳಿ ಮಾರ್ರೆ.

ಕೊಡಿಯಾಲ್‌ಬೇಸ್:

ವ್ಯಾಟ್ ಆಮೇಲೆ ಮಾತಾಡುವ. ಮೊದಲು ಎಷ್ಟು ಕೆಳಗೆ ಹೋಗಬೇಕು ಅಂತ ನೋಡಿ.

ನಿಮ್ಮ ಹೆಸರಿನಲ್ಲೇ 808 ಇದೆಯಲ್ಲ, 1980ರಲ್ಲಿ ಬಂದ ಆ ರೋಲ್ಯಾಂಡ್ ಡ್ರಮ್ ಮಷೀನಿನ ಕಿಕ್ ಸುಮಾರು 50 ಹರ್ಟ್ಸ್‌ನಲ್ಲಿ ಗುಂಯ್ ಅಂತ ಎಳೆಯುತ್ತದೆ. ಟೆಕ್ನೋ ಕಿಕ್‌ಗಳ ಜೀವ ಹೆಚ್ಚುಕಮ್ಮಿ 45ರಿಂದ 60ರ ಒಳಗೆ. ಡಬ್‌ಸ್ಟೆಪ್‌ನಲ್ಲಿ ಸಬ್ ಲೈನ್ 40ರಿಂದ 50ರ ಮಧ್ಯೆ ಓಡಾಡುತ್ತದೆ. ಎಫ್ ಸ್ವರದ ಹಾಡಾದರೆ ಕೆಳಗಿನ ಎಫ್ ಬರುವುದು 43.65ಕ್ಕೆ. 30ಕ್ಕಿಂತ ಕೆಳಗೆ ಇಳಿಯುವ ಹಾಡು ಅಪರೂಪ. ಅಂದರೆ 33-35 ಹರ್ಟ್ಸ್‌ವರೆಗೆ ಸರಿಯಾಗಿ ನುಡಿಯುವ ಪೆಟ್ಟಿಗೆ ಮಾಡಿದರೆ ನಿಮ್ಮ ಕೆಲಸ ಆಯಿತು. 20 ಹರ್ಟ್ಸ್ ಬೇಕು ಅನ್ನುವುದು ಸಿನಿಮಾದ ಬಾಂಬ್ ಸದ್ದಿಗೆ ಆಸೆ ಪಡುವವರ ಕಥೆ.

ಇನ್ನು ಶಬ್ದ ಬರುವುದು ಕೋನ್ ತಳ್ಳುವ ಗಾಳಿಯಿಂದ. ಕೋನಿನ ವಿಸ್ತೀರ್ಣ, ಅದು ಎಷ್ಟು ಹಿಂದೆ ಮುಂದೆ ಹೋಗುತ್ತದೆ ಅನ್ನುವ ಎಕ್ಸ್‌ಮ್ಯಾಕ್ಸ್, ಇವೆರಡರ ಮೇಲೆ ಎಲ್ಲ ನಿಂತಿದೆ. ಒಂದು ಆಕ್ಟೇವ್ ಕೆಳಗೆ, ಅಂದರೆ ಅರ್ಧ ಹರ್ಟ್ಸ್‌ಗೆ ಹೋದರೆ ಅಷ್ಟೇ ಜೋರಿಗೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು. 6 ಇಂಚಿನ ಸ್ಪೀಕರಿನಲ್ಲಿ ದುಂ ಸಿಗದಿರುವುದು ಇದೇ ಕಾರಣಕ್ಕೆ, ಅದಕ್ಕೆ ಎಷ್ಟು ವ್ಯಾಟ್ ಕೊಟ್ಟರೂ ಅಷ್ಟೇ. 12 ಇಂಚಿನ ಒಂದು ಡ್ರೈವರ್ (ಪೆಟ್ಟಿಗೆ ಇಲ್ಲದ ಬರೀ ಸ್ಪೀಕರ್), ಎಕ್ಸ್‌ಮ್ಯಾಕ್ಸ್ 8 ಎಂಎಂ ಇದ್ದರೆ, ಮುಚ್ಚಿದ ಪೆಟ್ಟಿಗೆಯಲ್ಲೂ 40 ಹರ್ಟ್ಸ್‌ಗೆ ಒಂದು ಮೀಟರ್ ದೂರದಲ್ಲಿ 104 ಡೆಸಿಬಲ್ ಆಸುಪಾಸು ಕೊಡುತ್ತದೆ. ಚಾವಡಿಗೆ ಸಾಕು. ಬೇಕಾದರೆ ಮುಂದೆ ಇನ್ನೊಂದು ಅಂಥದ್ದೇ ಪೆಟ್ಟಿಗೆ, ಅಂಥದ್ದೇ ಆಂಪ್ ಸೇರಿಸಿ, 6 ಡೆಸಿಬಲ್ ಏರುತ್ತದೆ.

ದೋಸ್ತಿ ಹೇಳಿದ 18 ಇಂಚು ಕೆಟ್ಟದ್ದಲ್ಲ, ಅದರ ಕೆಲಸವೇ ಬೇರೆ. ಮೈದಾನದಲ್ಲಿ ಜನರ ಮಧ್ಯೆ ಜೋರಾಗಿ ಕೇಳಬೇಕು ಅಂತ ಮಾಡಿದ್ದು. ಹೆಚ್ಚಿನವುಗಳ ಪೋರ್ಟ್ 40 ಹರ್ಟ್ಸ್ ಹತ್ತಿರ ನುಡಿಯುವ ಹಾಗೆ ಟ್ಯೂನ್ ಆಗಿರುತ್ತದೆ, ಅದರ ಕೆಳಗೆ ಬೇಕೆಂದೇ ಕತ್ತರಿಸಿರುತ್ತಾರೆ. ಒಳಗೆ 150-200 ಲೀಟರ್ ಜಾಗವೂ ಬೇಕು. ಮೆರವಣಿಗೆಯಲ್ಲಿ ಎದೆಗೆ ಹೊಡೆಯುವುದು 60-100 ಹರ್ಟ್ಸ್, ಅದನ್ನೇ ಜನ ಬೇಸ್ ಅಂತ ತಿಳಿಯುತ್ತಾರೆ. ಹುಲಿವೇಷದ ತಾಸೆ ಎರಡು ಬೀದಿ ಆಚೆ ಕೇಳುತ್ತದೆ, ಅದರಲ್ಲಿ ಬೇಸ್ ಎಲ್ಲುಂಟು?

ಡ್ರೈವರ್ ತಗೊಳ್ಳುವಾಗ ಡಬ್ಬದ ಮೇಲಿನ ಮ್ಯಾಕ್ಸ್ ವ್ಯಾಟ್ ಬಿಡಿ, ಆರ್‌ಎಂಎಸ್ (ಸತತವಾಗಿ ತಡೆಯುವ ವ್ಯಾಟ್) ನೋಡಿ. ಅದಕ್ಕಿಂತ ಮುಖ್ಯ ಥೀಲ್-ಸ್ಮಾಲ್ ಅಂಕಿಗಳು: ಎಫ್‌ಎಸ್ (ಕೋನ್ ತಾನಾಗಿ ಅನುರಣಿಸುವ ಹರ್ಟ್ಸ್), ಕ್ಯೂಟಿಎಸ್ (ಆ ಅನುರಣನ ಎಷ್ಟು ಹಿಡಿತದಲ್ಲಿದೆ ಅನ್ನುವುದು), ವಿಎಎಸ್ (ಕೋನಿನ ಸಡಿಲಕ್ಕೆ ಸಮನಾದ ಗಾಳಿ, ಲೀಟರಿನಲ್ಲಿ), ಎಕ್ಸ್‌ಮ್ಯಾಕ್ಸ್. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಶುರು ಮಾಡಿದ ಲೆಕ್ಕ, 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಪೂರ್ತಿ ಮಾಡಿದ್ದು. ಈ ನಾಲ್ಕು ಅಂಕಿ ಕೊಡದ ಡ್ರೈವರ್ ಎಷ್ಟೇ ಅಗ್ಗ ಸಿಕ್ಕಿದರೂ ಬೇಡ, ಯಾಕೆಂದರೆ ಅದಕ್ಕೆ ಎಷ್ಟು ಲೀಟರ್ ಪೆಟ್ಟಿಗೆ ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಅಂಕಿ ಸಿಕ್ಕಿದ ಮೇಲೆ ವಿನ್‌ಐಎಸ್‌ಡಿ ಅನ್ನುವ ಸಾಫ್ಟ್‌ವೇರ್ ಫ್ರೀ ಸಿಗುತ್ತದೆ, ಅದರಲ್ಲಿ ಹಾಕಿ ನೋಡಿ.

ಆಚಾರಿ_ಮಗ_ಮಲ್ಪೆ:

ಮರದ ವಿಷಯ ನಾನು ಹೇಳುತ್ತೇನೆ. ಎಂಡಿಎಫ್ ಬೇಡವೇ ಬೇಡ. ಬೆಂಗಳೂರಿನವರ ವಿಡಿಯೋ ನೋಡಿ ಇಲ್ಲಿ ಎಂಡಿಎಫ್ ತಂದವರು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಉಬ್ಬಿಸಿಕೊಂಡು ಕೂರುತ್ತಾರೆ. ಸ್ಕ್ರೂ ಹಿಡಿತ ಬಿಟ್ಟರೆ ಗಾಳಿ ಸೋರುತ್ತದೆ, ಸೋರಿದರೆ ಬೇಸ್ ಹೋಯಿತು. 18 ಎಂಎಂ ಮರೈನ್ ಪ್ಲೈ ತಗೊಳ್ಳಿ, ಶೀಟಿನ ಮೇಲೆ ಐಎಸ್ 710 ಅಂತ ಸೀಲ್ ಇರಬೇಕು. ಐಎಸ್ 303ರ ಬಿಡಬ್ಲ್ಯೂಆರ್ (ಕುದಿಯುವ ನೀರು ತಡೆಯುವ ಪ್ಲೈ) ಆದರೂ ಮನೆ ಒಳಗೆ ನಡೆಯುತ್ತದೆ. ಕತ್ತರಿಸಿದ ಅಂಚು ನೋಡಿ, ಪದರದ ಮಧ್ಯೆ ಖಾಲಿ ಜಾಗ ಇದ್ದರೆ ಬೇರೆ ಶೀಟ್ ಕೇಳಿ. ಆ ಖಾಲಿ ಜಾಗವೇ ಆಮೇಲೆ ಬುಸ್ ಬುಸ್ ಅನ್ನುವುದು.

ಅಂಟಿಗೆ ನೀರು ತಡೆಯುವ ಫೆವಿಕಾಲ್ ಮರೈನ್ ಸಾಕು. ಒಳಗಿನ ಜಾಯಿಂಟ್‌ಗೆಲ್ಲ ಬೆರಳಲ್ಲಿ ಸೀಲಂಟ್ ಎಳೆಯಿರಿ. ಅಂಚುಗಳಿಗೆ ರೆಸಿನ್ ಹಚ್ಚಿಸಿದರೆ ಇನ್ನೂ ಒಳ್ಳೆಯದು, ಮಲ್ಪೆಯಲ್ಲಿ ದೋಣಿಗೆ ಫೈಬರ್ ಹಾಕುವವರ ಹತ್ತಿರ ಕೇಳಿದರೆ ಸ್ವಲ್ಪ ಸಿಗುತ್ತದೆ. ಹೊರಗೆ ಡಿಜೆ ಪೆಟ್ಟಿಗೆಗೆ ಅಂಟಿಸುವಂಥ ಕಾರ್ಪೆಟ್ ಹಾಕಬೇಡಿ, ಜುಲೈ ಬಂದರೆ ಬೂಷ್ಟು. ಪೇಂಟ್ ಹೊಡೆಸಿ.

ಆಚಾರಿಗೆ ಒಂದು ಮಾತು ಮೊದಲೇ ಹೇಳಿಡಿ: ಇದು ಕಪಾಟು ಅಲ್ಲ. ಅಳತೆ ಒಳಗಿನದ್ದು, ಗಾಳಿ ಹೋಗಬಾರದು, ನಡುವೆ ಎದುರುಬದುರು ಗೋಡೆಗಳನ್ನು ಹಿಡಿಯುವ ಒಂದು ಬ್ರೇಸ್ ಬೇಕು, ಡ್ರೈವರ್ ಕೂರುವ ಮುಂದಿನ ಹಲಗೆ ಎರಡು ಪದರ. ಡ್ರೈವರ್ ಅಂಚು ಫೋಮಿನದ್ದು ಬೇಡ, ನಮ್ಮ ತೇವಕ್ಕೆ ಬೇಗ ಪುಡಿ ಪುಡಿ ಆಗುತ್ತದೆ. ರಬ್ಬರ್ ಅಥವಾ ಬಟ್ಟೆ ಅಂಚು ಇರಲಿ.

ಬಿಜೈ_ಫ್ಲ್ಯಾಟ್:

ಪೋರ್ಟ್ ಬೇಕಾ ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಮುಚ್ಚಿದ ಪೆಟ್ಟಿಗೆ ಯಾಕೆ ಬೇಡ? ಲೆಕ್ಕ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ, ಗಾತ್ರ ಅರ್ಧ, ಪೈಪಿನ ತಲೆನೋವಿಲ್ಲ. ಕೆಳಗೆ ಆಕ್ಟೇವ್‌ಗೆ 12 ಡೆಸಿಬಲ್ ಮಾತ್ರ ಇಳಿಯುತ್ತದೆ, ಪೋರ್ಟ್ ಆದರೆ 24. ಕೋಣೆ ಮುಚ್ಚಿದ್ದರೆ ಆ ಇಳಿತವನ್ನು ಕೋಣೆಯೇ ಸ್ವಲ್ಪ ತುಂಬಿಸಿಕೊಡುತ್ತದೆ. ನನ್ನ ಬಿಜೈಯ ಫ್ಲ್ಯಾಟಿನಲ್ಲಿ ಮುಚ್ಚಿದ 12 ಇಂಚೇ ಇರುವುದು. ಡ್ರಮ್ ಆಂಡ್ ಬೇಸ್‌ನಂಥ ವೇಗದ ಹಾಡಿಗೆ ಟಕ್ಕಂತ ನಿಲ್ಲುತ್ತದೆ. ಪೋರ್ಟ್ ಪೆಟ್ಟಿಗೆಯ ಬಾಲ, ಅಂದರೆ ಕಿಕ್ ನಿಂತ ಮೇಲೂ ಎಳೆಯುವ ಸದ್ದು, ನನಗೆ ಆಗುವುದಿಲ್ಲ.

ಕೊಡಿಯಾಲ್‌ಬೇಸ್:

ಬಿಜೈ ಅಣ್ಣ, ನಿಮ್ಮದು ಕಾಂಕ್ರೀಟ್ ಕೋಣೆ, ಬಾಗಿಲು ಕಿಟಕಿ ಹಾಕಿದರೆ ಬೇಸ್ ಹೊರಗೆ ಹೋಗಲು ದಾರಿ ಕಮ್ಮಿ. ಇವರದ್ದು ಹೆಂಚು. ಹಗುರ ಮಾಡು, ಸಂದು ಬೇರೆ. ಕೆಳಗಿನ ಬೇಸ್ ಹಂಚಿನ ನಡುವಿನಿಂದ ಸೀದಾ ಆಕಾಶಕ್ಕೆ. ಕೋಣೆಯ ಆ ಸಹಾಯ ಇವರಿಗೆ ಬಹಳ ಕಮ್ಮಿ ಸಿಗುತ್ತದೆ. ಬಾಲದ ವಿಷಯ ಒಪ್ಪುತ್ತೇನೆ, 45ಕ್ಕೆ ಟ್ಯೂನ್ ಮಾಡಿದ ಪೆಟ್ಟಿಗೆಯಲ್ಲಿ ಅದು ಕಿವಿಗೆ ಬಡಿಯುತ್ತದೆ. 32ಕ್ಕೆ ಇಳಿಸಿದರೆ ಕಿಕ್‌ನಿಂದ ದೂರ ಹೋಗುತ್ತದೆ, ಅಷ್ಟು ಗೊತ್ತಾಗುವುದಿಲ್ಲ.

ನೀರ್‌ದೋಸೆ808:

ಥ್ಯಾಂಕ್ಸ್ ಎಲ್ಲರಿಗೂ. 12 ಅಂತ ಗಟ್ಟಿ ಆಯಿತು. ರಬ್ಬರ್ ಅಂಚಿನ ಒಂದು ನೋಡಿದ್ದೇನೆ: ಎಫ್‌ಎಸ್ 32, ಕ್ಯೂಟಿಎಸ್ 0.38, ವಿಎಎಸ್ 65 ಲೀಟರ್, ಎಕ್ಸ್‌ಮ್ಯಾಕ್ಸ್ 9 ಎಂಎಂ, 300 ವ್ಯಾಟ್ ಆರ್‌ಎಂಎಸ್, 4 ಓಮ್. ಇದು ಆಗಬಹುದಾ? ನನ್ನ ಹತ್ತಿರ ಇರುವ ಬೋರ್ಡ್ ಇದಕ್ಕೆ ಸಾಲುತ್ತದಾ?

ಕೊಡಿಯಾಲ್‌ಬೇಸ್:

ಭಾರೀ ಲಾಯ್ಕ ಅಂಕಿ. ಎರಡೂ ರೀತಿ ಲೆಕ್ಕ ಹಾಕಿದೆ.

ಮುಚ್ಚಿದರೆ 26 ಲೀಟರ್ ಸಾಕು, ಆದರೆ 60 ಹರ್ಟ್ಸ್‌ಗೇ 3 ಡೆಸಿಬಲ್ ಇಳಿದಿರುತ್ತದೆ, 35ಕ್ಕೆ ಬರುವಾಗ ಹತ್ತಿರ ಹತ್ತಿರ 10 ಇಳಿಯುತ್ತದೆ. ಅದನ್ನು ಈಕ್ವಲೈಜರಿನಲ್ಲಿ ಎತ್ತಿದರೆ ಆ ಜಾಗದಲ್ಲಿ ಸುಮಾರು ಹತ್ತು ಪಟ್ಟು ವ್ಯಾಟ್ ಕೇಳುತ್ತದೆ. ಪೋರ್ಟ್ ಆದರೆ ನಿವ್ವಳ 60 ಲೀಟರ್, ಟ್ಯೂನಿಂಗ್ 32 ಹರ್ಟ್ಸ್, ಅಲ್ಲಿಗೆ ಬರುವವರೆಗೆ ಹೆಚ್ಚು ಇಳಿಯುವುದಿಲ್ಲ. ಹೆಂಚಿನ ಮನೆಗೆ ನಾನು ಇದನ್ನೇ ಹೇಳುವುದು.

ಪೈಪ್ ಮಾತ್ರ ನೋಡಿ ಹಾಕಬೇಕು. 10 ಸೆಂಟಿಮೀಟರ್ ಒಳವ್ಯಾಸದ ಪಿವಿಸಿ ಪೈಪ್ ಆದರೆ ಉದ್ದ 31 ಸೆಂಟಿಮೀಟರ್, ಸುಲಭ. ಆದರೆ 105 ಡೆಸಿಬಲ್ ಹತ್ತಿರ ಬರುವಾಗಲೇ ಅದರೊಳಗಿನ ಗಾಳಿ ಸೆಕೆಂಡಿಗೆ 17 ಮೀಟರ್ ಮುಟ್ಟುತ್ತದೆ, ಅದರ ಮೇಲೆ ಫುಸ್ ಫುಸ್ ಕೇಳುತ್ತದೆ. ಎರಡು ಪೈಪ್ ಹಾಕಿದರೆ ಉದ್ದ ಅರ್ಧ ಆಗುತ್ತದೆ ಅಂತ ಸುಮಾರು ಜನ ತಿಳಿದಿದ್ದಾರೆ, ಆಗುವುದು ಉಲ್ಟಾ: ಒಂದೊಂದೂ 69 ಸೆಂಟಿಮೀಟರ್ ಬೇಕು. 15 ಸೆಂಟಿಮೀಟರಿನ ಒಂದೇ ಪೈಪ್ ಆದರೆ 75. ನಾನಾದರೆ ಆ 15ರದ್ದೇ ಹಾಕುತ್ತೇನೆ. ಒಳಗೆ ಹಿಡಿಯುವುದಿಲ್ಲ ಅಲ್ವಾ, ಹಿಂಬದಿಯಿಂದ ಹೊರಗೆ ಬಿಟ್ಟು ಎಲ್ಬೋ ಹಾಕಿ ಮೇಲಕ್ಕೆ ತಿರುಗಿಸಿ. ಪೈಪ್ ಪೆಟ್ಟಿಗೆ ಒಳಗೇ ಇರಬೇಕು ಅಂತ ಯಾವ ನಿಯಮವೂ ಇಲ್ಲ. ಉದ್ದ ಅಳೆಯುವಾಗ ಎಲ್ಬೋದ ನಡುಗೆರೆಯಲ್ಲಿ ಅಳೆಯಿರಿ. ಒಳ ಅಳತೆ 40, 40, 42 ಸೆಂಟಿಮೀಟರ್ ಇಟ್ಟರೆ 67 ಲೀಟರ್. ಡ್ರೈವರ್, ಬ್ರೇಸ್ ಕಳೆದರೆ 60 ಉಳಿಯುತ್ತದೆ. ಮುಂದಿನ ಎರಡು ಪದರ ಸೇರಿ ಏಳು ಹಲಗೆ, 8-4 ಅಡಿಯ ಅರ್ಧ ಶೀಟಿನಲ್ಲಿ ಹಿಡಿಯುವುದಿಲ್ಲ, ಪೂರ್ತಿ ಶೀಟ್ ತಗೊಳ್ಳಿ, ಬ್ರೇಸೂ ಅದರಲ್ಲೇ ಆಗುತ್ತದೆ.

ಆಂಪ್: 24-0-24ಕ್ಕೆ ಡಿಸಿ ಸುಮಾರು 34 ವೋಲ್ಟ್ ಸಿಗುತ್ತದೆ. ಟ್ರಾನ್ಸಿಸ್ಟರ್ ಒಂದೇ ಜೋಡಿ ಇದ್ದರೆ 4 ಓಮ್‌ಗೆ 100 ವ್ಯಾಟ್ ತೆಗೆಯುವಷ್ಟರಲ್ಲಿ ಹೀಟ್‌ಸಿಂಕ್ ಮೇಲೆ ದೋಸೆ ಹೊಯ್ಯಬಹುದು. 5200-1943ರಲ್ಲಿ ನಕಲಿ ಮಾಲೂ ತುಂಬ ಓಡಾಡುತ್ತದೆ. ಶುರುವಿಗೆ ಅದರಲ್ಲೇ ಕೇಳಿ, ಬೇಡ ಅನ್ನುವುದಿಲ್ಲ. ಆಮೇಲೆ ಟಿಪಿಎ 3255 ಚಿಪ್ಪಿನ ಆಂಪ್ ಬೋರ್ಡ್, 48 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ತಗೊಂಡರೆ ಒಂದು ಚಾನೆಲ್‌ನಲ್ಲೇ 4 ಓಮ್‌ಗೆ 200 ವ್ಯಾಟ್ ಸಿಗುತ್ತದೆ, ಬಿಸಿಯೂ ಕಮ್ಮಿ.

ಒಂದು ವಿಷಯ ಮರೆಯಬೇಡಿ. ಪೋರ್ಟ್ ಪೆಟ್ಟಿಗೆಯಲ್ಲಿ 32ರ ಕೆಳಗೆ ಕೋನ್‌ಗೆ ಹಿಡಿತವೇ ಇರುವುದಿಲ್ಲ. 20 ಹರ್ಟ್ಸ್ ಬಂದರೆ ಪಟಪಟ ಹೊಡೆದುಕೊಂಡು ಕಾಯಿಲ್ ಹಿಂದಕ್ಕೆ ಬಡಿಯುತ್ತದೆ. 28 ಹರ್ಟ್ಸ್‌ನಲ್ಲಿ ಹೈ ಪಾಸ್ ಫಿಲ್ಟರ್ (ಅದರ ಕೆಳಗಿನದ್ದನ್ನು ಕತ್ತರಿಸುವುದು), ಆಕ್ಟೇವ್‌ಗೆ 24 ಡೆಸಿಬಲ್ ಇಳಿಜಾರು, ಇದು ಕಡ್ಡಾಯ. ಲ್ಯಾಪ್‌ಟಾಪಿನಿಂದ ನುಡಿಸುವುದಾದರೆ ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಹಾಕಿ, ಕಾಸು ಖರ್ಚಿಲ್ಲ. ಇಲ್ಲದಿದ್ದರೆ ಎಡಿಎಯು 1701 ಚಿಪ್ಪಿನ ಚಿಕ್ಕ ಡಿಎಸ್‌ಪಿ (ಡಿಜಿಟಲ್ ಫಿಲ್ಟರ್) ಬೋರ್ಡ್. ಅದರಲ್ಲೇ 80 ಹರ್ಟ್ಸ್ ಕ್ರಾಸ್‌ಓವರ್ (80ರ ಕೆಳಗಿನದ್ದು ಸಬ್‌ಗೆ, ಮೇಲಿನದ್ದು ಸ್ಪೀಕರಿಗೆ) ಕೂಡ ಆಗುತ್ತದೆ.

ಬಿಜೈ_ಫ್ಲ್ಯಾಟ್:

ಲೆಕ್ಕ ನೋಡಿದ ಮೇಲೆ ಈ ಡ್ರೈವರಿಗೆ ಪೋರ್ಟ್ ಸರಿಯೇ. ಆದರೆ ಎಲ್ಲಿ ಇಡುತ್ತೀರಿ ಅಂತ ಯಾರೂ ಕೇಳಲಿಲ್ಲ. ನಿಮ್ಮ ಚಾವಡಿಯ ಅಗಲ 4 ಮೀಟರ್ ಅಂದರೆ ಗೋಡೆಯಿಂದ ಗೋಡೆಗೆ ಮೊದಲ ಅನುರಣನ 43 ಹರ್ಟ್ಸ್. ಮೇಲೆ ಹೇಳಿದ ಎಫ್ ಸ್ವರದ ಜಾಗವೇ ಅದು. ಮುರಕಲ್ಲಿನ ಗೋಡೆ ಗಟ್ಟಿ, ಆ ಸ್ವರ ಗೋಡೆ ಪಕ್ಕ ಗುಡುಗುತ್ತದೆ, ಕೋಣೆಯ ನಟ್ಟನಡುವೆ ಕೂತವನಿಗೆ ಮಾಯ. ಆಮೇಲೆ ಡ್ರೈವರ್ ಸರಿ ಇಲ್ಲ ಅಂತ ಬೈಯಬೇಡಿ. ಸಬ್ ಅನ್ನು ನೀವು ಕೂರುವ ಕುರ್ಚಿಯ ಮೇಲಿಟ್ಟು ಒಂದು ಬೇಸ್ ಲೈನ್ ಹಾಕಿ, ನೆಲದಲ್ಲಿ ಅಂಬೆಗಾಲಿಟ್ಟು ಗೋಡೆ ಉದ್ದಕ್ಕೂ ಹೋಗಿ. ಎಲ್ಲ ಸ್ವರವೂ ಸಮ ಕೇಳುವ ಜಾಗ ಸಿಕ್ಕಿದರೆ ಸಬ್ ಅಲ್ಲಿಡಿ. ಮನೆಯವರು ನೋಡದಿದ್ದರೆ ಒಳ್ಳೆಯದು.

ಆಚಾರಿ_ಮಗ_ಮಲ್ಪೆ:

ಹೆಂಚಿನ ಮನೆಯ ಇನ್ನೊಂದು ಕಥೆ, ಗಡಗಡ. ಟೋನ್ ಜನರೇಟರ್ ಆಪ್ ಹಾಕಿ 30ರಿಂದ 80ರವರೆಗೆ ನಿಧಾನ ಏರಿಸಿ, ಏನೇನು ಅಲ್ಲಾಡುತ್ತದೆ ಅಂತ ಒಬ್ಬರು ಸುತ್ತ ತಿರುಗಿ ನೋಡಿ. ಹೆಂಚಿಗಿಂತ ಮೊದಲು ಅಟ್ಟದ ತಾಮ್ರದ ಹಂಡೆ, ಕಿಟಕಿಯ ಗಾಜು, ದೇವರ ಫೋಟೋ ಇವೇ ನುಡಿಯುವುದು.

ನೀರ್‌ದೋಸೆ808:

ದೇವರ ಫೋಟೋ ಖಂಡಿತ, ಈಗಲೇ ಲಾರಿ ಹೋದರೆ ಅಲ್ಲಾಡುತ್ತದೆ. ಪಕ್ಕದ ಮನೆಯವರ ಗತಿ? ಫೋನಿನ ಡೆಸಿಬಲ್ ಆಪ್ ನೋಡಿ ಕಮ್ಮಿ ಇಟ್ಟರೆ ಸಾಕಲ್ವಾ? ಮತ್ತೆ ಆ ಪೈಪ್ ಬಾಯಿಗೆ ಜಾಲರಿ ಹಾಕಬಹುದಾ, ನಮ್ಮಲ್ಲಿ ಜಿರಳೆ, ಹಲ್ಲಿ ಎಲ್ಲ ಧಾರಾಳ.

ಕೊಡಿಯಾಲ್‌ಬೇಸ್:

ಆಪ್ ನಂಬಬೇಡಿ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಮನೆಗಳಿರುವ ಜಾಗಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಅಂತ ಇದೆ, ಆದರೆ ಅದು ಎ-ವೇಟಿಂಗ್ ಲೆಕ್ಕ, ಅಂದರೆ ಕಿವಿಗೆ ಕಮ್ಮಿ ಕೇಳುವ ಕೆಳಗಿನ ಬೇಸ್ ಅನ್ನು ಕಮ್ಮಿ ಮಾಡಿ ಅಳೆಯುವುದು. ಆ ಲೆಕ್ಕದಲ್ಲಿ 40 ಹರ್ಟ್ಸ್‌ನ ಶಬ್ದದಿಂದ ಸುಮಾರು 35 ಡೆಸಿಬಲ್ ಕಳೆದೇ ತೋರಿಸುವುದು. ಆಪ್‌ನಲ್ಲಿ 50 ಅಂತ ಇರುವಾಗ ಪಕ್ಕದ ಮನೆಯ ಅಜ್ಜನ ಮಂಚ ನಡುಗುತ್ತಿರಬಹುದು. ಹಾಡು ಹಾಕಿಟ್ಟು ಅವರ ಜಗಲಿಯಲ್ಲಿ ಹೋಗಿ ಕೂತು ಬನ್ನಿ, ಚಾ ಕೊಟ್ಟರೆ ಕುಡಿದುಕೊಂಡೇ ಬನ್ನಿ. ರಾತ್ರಿ ಹತ್ತರ ನಂತರ ಹೆಡ್‌ಫೋನ್.

ಜಾಲರಿ ಹಾಕಬಹುದು, ಸೊಳ್ಳೆ ಪರದೆಯಷ್ಟು ಸಣ್ಣದು ಬೇಡ, ಗಾಳಿ ತಡೆದು ಶಬ್ದ ಮಾಡುತ್ತದೆ. ಕಣ್ಣು ದೊಡ್ಡ ಇರುವ ಸ್ಟೀಲ್ ಜಾಲರಿ ಹಲ್ಲಿಗೆ ಸಾಕು. ಜಿರಳೆಗೆ ನುಡಿಸದಿರುವಾಗ ಪೈಪಿನ ಬಾಯಿಗೆ ಒಂದು ಮುಚ್ಚಳ ಇಡಿ, ನುಡಿಸುವ ಮೊದಲು ತೆಗೆಯಿರಿ. ಸಿಡಿಲಿನ ದಿನಗಳಲ್ಲಿ ಎಸ್‌ಎಂಪಿಎಸ್ ಪ್ಲಗ್ಗೂ ತೆಗೆದಿಡಿ.

ಆಚಾರಿ_ಮಗ_ಮಲ್ಪೆ:

ಮುಚ್ಚಳಕ್ಕೆ ಅದೇ ಪೈಪಿನ ಎಂಡ್ ಕ್ಯಾಪ್ ತಗೊಳ್ಳಿ, ಪೈಪ್ ಅಂಗಡಿಯಲ್ಲೇ ಸಿಗುತ್ತದೆ. ಅಂಟು ಮಾತ್ರ ಹಾಕಬೇಡಿ.