ಒಂದೇ ಬಸವನಹುಳು ಇದೆ, ಆದರೂ ಮೊಟ್ಟೆ ಇಟ್ಟಿದೆ!

ಪ್ರಶ್ನೆ: ನಮಸ್ಕಾರ ಮೇಡಂ. ಎರಡು ತಿಂಗಳ ಹಿಂದೆ ಅಕ್ವೇರಿಯಂಗೆ ಅಂತ ಕಿತ್ತಳೆ ಬಣ್ಣದ ರ‍್ಯಾಬಿಟ್ ಬಸವನಹುಳು ತಂದೆ. ಇರೋದು ಅದೊಂದೇ. ಇವತ್ತು ಮರಳಿನ ಮೇಲೆ ಕಡಲೆಕಾಳಿನಷ್ಟು ಹಾಲುಬಣ್ಣದ ಉಂಡೆ ಬಿದ್ದಿದೆ. ಎಸೆಯಲಾ? ಚಿಪ್ಪಿನ ತುದಿ ಬೇರೆ ಸುಣ್ಣದ ಹಾಗೆ ಬೆಳ್ಳಗಾಗಿ ಉದುರುತ್ತಿದೆ. ಟ್ಯಾಂಕಿಗೆ ಹಾಕೋದು ಆರ್‌ಒ ನೀರು ಮಾತ್ರ.

ಉತ್ತರ: ದಯವಿಟ್ಟು ಎಸೆಯಬೇಡಿ. ಅದರೊಳಗೆ ಚಿಪ್ಪು ಸಮೇತ ಬೆಳೆದ ಮರಿ ಇರುತ್ತದೆ. ಈ ಬಸವನಹುಳುಗಳು (ಟೈಲೊಮೆಲಾನಿಯಾ ಜಾತಿಯವು) ಮೊಟ್ಟೆಗಳನ್ನು ನೀರಿನಲ್ಲಿ ಇಟ್ಟು ಹೋಗುವುದಿಲ್ಲ. ತಾಯಿಯ ಒಡಲಿನ ಚೀಲದಲ್ಲೇ ಬೇರೆ ಬೇರೆ ವಯಸ್ಸಿನ ಮರಿಗಳು ಬೆಳೆಯುತ್ತವೆ. ದೊಡ್ಡದಾದದ್ದು ಮೊದಲು ಹೊರಗೆ. ಇವುಗಳಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ನಿಮ್ಮದು ಅಂಗಡಿಯಿಂದ ಬರುವಾಗಲೇ ಬಸುರಿ ಇದ್ದಿರಬೇಕು.

ಚಿಪ್ಪಿನ ವಿಷಯಕ್ಕೆ ತಪ್ಪು ಆರ್‌ಒ ನೀರಿನದ್ದು. ಕಿತ್ತಳೆ ಬಣ್ಣದವುಗಳ ತವರು ಇಂಡೋನೇಷ್ಯಾದ ಸುಲವೇಸಿ ದ್ವೀಪದ ಪೋಸೊ ಸರೋವರ. ಅಲ್ಲಿನ ನೀರು ಬೆಚ್ಚಗೆ, ಸ್ವಲ್ಪ ಕ್ಷಾರ. ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲದಂತೆಯೇ, ಜೊತೆಗೆ ಬೇಗ ಆಮ್ಲವಾಗುತ್ತದೆ. ಚಿಪ್ಪು ಕರಗದೆ ಏನು ಮಾಡುತ್ತೆ? ಕ್ಲೋರಿನ್ ತೆಗೆದ ನಲ್ಲಿ ನೀರನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬನ್ನಿ. ಗಿಳಿ ಪಂಜರಕ್ಕೆ ಸಿಕ್ಕಿಸುವ, ಕ್ಯಾಲ್ಸಿಯಂ ತುಂಬಿದ ಕಟ್ಲ್‌ಬೋನ್ ಒಂದು ತುಂಡು ಹಾಕಿ. ಉದುರಿದ ತುದಿ ಮತ್ತೆ ಬರಲ್ಲ, ಚಿಪ್ಪಿನ ಬಾಯಿಯ ಕಡೆ ಹೊಸದಾಗಿ ಬೆಳೆಯುವುದು ಗಟ್ಟಿಯಾಗಿರುತ್ತದೆ. ತುದಿ ಸವೆದವು ಸರೋವರದಲ್ಲೂ ಬೇಕಾದಷ್ಟು ಇವೆ, ಗಾಬರಿ ಬೇಡ. ಮೀನಿಗೆ ಹಾಕುವ ತಾಮ್ರದ ಔಷಧಿ ಮಾತ್ರ ಆ ಟ್ಯಾಂಕಿಗೆ ಬೇಡವೇ ಬೇಡ.

ಪ್ರಶ್ನೆ: ಮರಿ ಜಾಸ್ತಿಯಾದರೆ ಊರ ಕೆರೆಗೆ ಬಿಡಬಹುದಾ ಮೇಡಂ?

ಉತ್ತರ: ಜಾಸ್ತಿ ಆಗೋದು ಕಷ್ಟ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ, ಬೆಳೆಯೋದೂ ನಿಧಾನ. ಆದರೂ ಕೆರೆಗೆ ಬೇಡ. ಅದೇ ಸುಲವೇಸಿಯಲ್ಲಿ ಮತಾನೊ ಅಂತ ಇನ್ನೊಂದು ಸರೋವರ ಇದೆ, ಆಳ ಸುಮಾರು 590 ಮೀಟರ್. ಅಲ್ಲಿ ಬಂಡೆ ಕೆರೆಯುವ ಬಸವನಹುಳುಗಳಿಗೆ ಒಂದು ಥರದ ಹಲ್ಲು, ಮೆತ್ತನೆ ತಳದಲ್ಲಿರುವವಕ್ಕೆ ಇನ್ನೊಂದು ಥರ. ಬೇರೆಲ್ಲೂ ಸಿಗದ ಜೀವಿಗಳ ಜಾಗ ಅದು. ಈಗ ನೋಡಿದರೆ ಅಕ್ವೇರಿಯಂನ ಫ್ಲವರ್‌ಹಾರ್ನ್ ಮೀನು ಅಲ್ಲಿ ಸೇರಿಕೊಂಡು ಅಲ್ಲಿನ ಜೀವಿಗಳನ್ನೇ ತಿನ್ನುತ್ತಿದೆ. ಯಾರೋ ಸುಮ್ನೆ ಬಿಟ್ಟಿದ್ದು ಅಲ್ವಾ? ಮರಿ ಬೇಡವಾದರೆ ನಮ್ಮ ಈ ಅಕ್ವೇರಿಯಂ ಗುಂಪಿನಲ್ಲೇ ಕೇಳಿ, ತಗೊಳ್ಳೋರು ಇದ್ದಾರೆ.

ಪ್ರಶ್ನೆ: ಉಂಡೆ ಒಡೆದಿದೆ ಮೇಡಂ! ಅಕ್ಕಿಕಾಳಿನಷ್ಟು ಉದ್ದದ ಕಂದು ಚಿಪ್ಪು, ಆಗಲೇ ಗಾಜು ಹತ್ತುತ್ತಿದೆ.