ವಿಆರ್ ಗೇಮ್‌ನಲ್ಲಿ ತಲೆ ತಿರುಗಿಸಿದರೆ ಜರ್ಕ್, ಸೆಟ್ಟಿಂಗ್ ಎಲ್ಲ ಲೋ ಮಾಡಿದರೂ ಹೋಗುತ್ತಿಲ್ಲ

ಮೂರನೇಕಣ್ಣು

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಇದರ ಹಿಂದೆ ಬಿದ್ದಿದ್ದೇನೆ, ಗೊತ್ತಿರುವವರು ದಯವಿಟ್ಟು ಹೇಳಿ.

ನನ್ನದು ರೈಜನ್ 5 5600, ಆರ್‌ಟಿಎಕ್ಸ್ 3060 12 ಜಿಬಿ, 16 ಜಿಬಿ ರ‍್ಯಾಮ್, ವಿಂಡೋಸ್ 11. ಹೆಡ್‌ಸೆಟ್ ಕ್ವೆಸ್ಟ್ 2. ಯುಎಸ್‌ಬಿ ಕೇಬಲ್ ಹಾಕಿ ಲಿಂಕ್‌ನಲ್ಲಿ (ಕ್ವೆಸ್ಟನ್ನು ಕಂಪ್ಯೂಟರ್‌ಗೆ ಜೋಡಿಸುವ ವ್ಯವಸ್ಥೆ) ಆಡುತ್ತೇನೆ, ರಿಫ್ರೆಶ್ ರೇಟ್ 90 ಹರ್ಟ್ಜ್, ಅಂದರೆ ಸೆಕೆಂಡಿಗೆ 90 ಚಿತ್ರ, ಇಟ್ಟಿದ್ದೇನೆ.

ಬೀಟ್ ಸೇಬರ್ ಬೆಣ್ಣೆಯ ಹಾಗೆ ಓಡುತ್ತದೆ. ಹಾಫ್-ಲೈಫ್ ಅಲಿಕ್ಸ್‌ನಲ್ಲಿ ಸುಮ್ನೆ ನಿಂತಿದ್ದರೆ ತೊಂದರೆ ಇಲ್ಲ, ಬೇಗ ತಲೆ ತಿರುಗಿಸಿದರೆ ಅಥವಾ ಬಾಗಿಲು ತೆಗೆದು ಹೊಸ ಜಾಗಕ್ಕೆ ಕಾಲಿಟ್ಟರೆ ಚಿತ್ರ ತಡವರಿಸುತ್ತದೆ, ಒಂದು ಕ್ಷಣ ಅಂಚಿನಲ್ಲಿ ಕಪ್ಪು ಪಟ್ಟಿ ಕೂಡ ಕಾಣುತ್ತದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಅಂತೂ ಆಡುವುದಕ್ಕೇ ಆಗುತ್ತಿಲ್ಲ. ಹದಿನೈದು ನಿಮಿಷಕ್ಕೆ ಹೊಟ್ಟೆ ತೊಳಸಿ ಹೆಡ್‌ಸೆಟ್ ತೆಗೆದಿಡಬೇಕಾಗುತ್ತದೆ. ನನಗೆ ವಿಮಾನ ಹಾರಿಸುವುದೆಂದರೆ ಪ್ರಾಣ, ಅದಕ್ಕೆಂದೇ ಹೆಡ್‌ಸೆಟ್ ತೆಗೆದುಕೊಂಡಿದ್ದು.

ಮಾಡಿ ನೋಡಿದ್ದು: ಗ್ರಾಫಿಕ್ಸ್ ಎಲ್ಲ ಲೋಗೆ ಇಳಿಸಿದೆ, ಏನೂ ಬದಲಾಗಲಿಲ್ಲ. ಡ್ರೈವರ್ ಹೊಸದು ಹಾಕಿದೆ. ಒಂದು ವಿಡಿಯೋ ನೋಡಿ ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಏಳೆಂಟು ಬದಲಾವಣೆ ಮಾಡಿದೆ, ಅದರಿಂದಲೂ ಪ್ರಯೋಜನ ಆಗಲಿಲ್ಲ. ಮೂಲೆಯಲ್ಲಿ ತೋರಿಸುವ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) ನೋಡಿದರೆ ಅಲಿಕ್ಸ್‌ನಲ್ಲಿ 85ರ ಮೇಲೇ ಇದೆ. ಹಾಗಿದ್ದರೆ ಜರ್ಕ್ ಯಾಕೆ? ಹೊಸ ಗ್ರಾಫಿಕ್ಸ್ ಕಾರ್ಡ್ ತೆಗೆದುಕೊಳ್ಳಲೇಬೇಕಾ?

ಫ್ರೇಮ್‌ಲೆಕ್ಕಿಗ

ಕಾರ್ಡ್ ಈಗಲೇ ಬೇಡ. ನೀವು ಬರೆದದ್ದರಲ್ಲೇ ಎರಡು ಒಳ್ಳೆಯ ಸುಳಿವು ಇದೆ.

ಮೊದಲನೆಯದು, ಎಲ್ಲ ಲೋ ಮಾಡಿದರೂ ಏನೂ ಬದಲಾಗಲಿಲ್ಲ ಎಂದಿರಿ. ಕಾರ್ಡ್‌ಗೆ ಭಾರ ಹೆಚ್ಚಾಗಿದ್ದರೆ ಲೋ ಮಾಡಿದ ತಕ್ಷಣ ಸ್ವಲ್ಪವಾದರೂ ಹಗುರ ಆಗಬೇಕಿತ್ತು. ಎರಡನೆಯದು ಆ ಕಪ್ಪು ಪಟ್ಟಿ. ಹೊಸ ಫ್ರೇಮ್ ಹೊತ್ತಿಗೆ ಸರಿಯಾಗಿ ಬರದಿದ್ದರೆ ಹೆಡ್‌ಸೆಟ್‌ನ ಸಾಫ್ಟ್‌ವೇರ್ ಹಳೆಯ ಫ್ರೇಮನ್ನೇ ತೆಗೆದುಕೊಂಡು, ನಿಮ್ಮ ತಲೆ ಈಗ ಎತ್ತ ತಿರುಗಿದೆಯೋ ಅತ್ತ ಅದನ್ನು ಸರಿಸಿ ತೋರಿಸುತ್ತದೆ. ಇದಕ್ಕೆ ಟೈಮ್‌ವಾರ್ಪ್ ಎನ್ನುತ್ತಾರೆ. ಹಳೆಯ ಚಿತ್ರದ ಆಚೆ ತೋರಿಸುವುದಕ್ಕೆ ಏನೂ ಇರುವುದಿಲ್ಲವಲ್ಲ, ಆ ಖಾಲಿ ಜಾಗವೇ ಕಪ್ಪು ಪಟ್ಟಿ. ಅಂದರೆ ಫ್ರೇಮ್ ತಪ್ಪುತ್ತಿದೆ. ಕೇಬಲ್ಲೋ ವೈಫೈಯೋ ಕೈಕೊಟ್ಟರೆ ಹೆಚ್ಚಾಗಿ ಬೇರೆ ಥರ ಕಾಣುತ್ತದೆ: ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಮಸುಕಾಗುತ್ತದೆ, ಸದ್ದು ಕಟ್ ಕಟ್ ಆಗುತ್ತದೆ.

ಈಗ 85 ಎಫ್‌ಪಿಎಸ್ ವಿಷಯ. ಅದು ಸರಾಸರಿ. ಮಾನಿಟರ್ ಮುಂದೆ ಕೂತು ಆಡುವಾಗ ಸರಾಸರಿ ನೋಡಿ ಸಮಾಧಾನ ಪಟ್ಟುಕೊಳ್ಳಬಹುದು, ವಿಆರ್‌ನಲ್ಲಿ ಆಗುವುದಿಲ್ಲ. 90 ಹರ್ಟ್ಜ್ ಎಂದರೆ ಒಂದು ಫ್ರೇಮ್‌ಗೆ ಸಿಗುವ ಸಮಯ 11.1 ಮಿಲಿಸೆಕೆಂಡ್. 11.3 ಆದರೂ ಆ ಫ್ರೇಮ್ ಬಸ್ ತಪ್ಪಿಸಿಕೊಂಡ ಹಾಗೇ, ಮುಂದಿನದಕ್ಕೆ ಕಾಯಬೇಕು. ಸೆಕೆಂಡಿಗೆ ಐದು ಫ್ರೇಮ್ ಹೀಗೆ ತಪ್ಪಿದರೂ ಸರಾಸರಿ 85 ಎಂದೇ ತೋರಿಸುತ್ತದೆ, ಆದರೆ ನಿಮ್ಮ ಕಣ್ಣು ಮತ್ತು ಹೊಟ್ಟೆಗೆ ಆ ಐದೂ ಗೊತ್ತಾಗುತ್ತವೆ. ಆದ್ದರಿಂದ ಎಫ್‌ಪಿಎಸ್ ಬಿಟ್ಟು ಫ್ರೇಮ್ ಟೈಮ್ ನೋಡಿ. ಸ್ಟೀಮ್‌ವಿಆರ್‌ನಲ್ಲಿ (ಸ್ಟೀಮ್‌ನ ವಿಆರ್ ಸಾಫ್ಟ್‌ವೇರ್) ಡೆವಲಪರ್ ಸೆಟ್ಟಿಂಗ್ ಒಳಗೆ ಫ್ರೇಮ್ ಟೈಮಿಂಗ್ ಗ್ರಾಫ್ ಇದೆ, ಸಿಪಿಯು (ಪ್ರೊಸೆಸರ್) ಮತ್ತು ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಬೇರೆ ಬೇರೆ ತೋರಿಸುತ್ತದೆ. ಯಾವುದು 11ರ ಗೆರೆ ದಾಟುತ್ತಿದೆ ಎನ್ನುವುದೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ.

ಒಂದು ಎಚ್ಚರಿಕೆ. ಕಾರ್ಡ್‌ನ ಶಕ್ತಿ ಅಳೆಯುವುದಕ್ಕೆ ಅಲಿಕ್ಸ್ ಸರಿಯಾದ ಗೇಮ್ ಅಲ್ಲ, ಅದು ಭಾರ ನೋಡಿಕೊಂಡು ರೆಸಲ್ಯೂಶನ್ನನ್ನು ತಾನೇ ಏರಿಸಿ ಇಳಿಸಿ ಮಾಡುತ್ತದೆ. ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ ಎಫ್‌ಪಿಎಸ್ ಡಿಸ್‌ಪ್ಲೇ ಹಾಕಿ, ತನ್ನನ್ನು ತಡೆಯುತ್ತಿರುವುದು ಮೇನ್ ಥ್ರೆಡ್ಡೋ (ಪ್ರೊಸೆಸರ್‌ನಲ್ಲಿ ನಡೆಯುವ ಗೇಮ್‌ನ ಮುಖ್ಯ ಕೆಲಸ) ಜಿಪಿಯುವೋ ಎಂದು ಅದೇ ಬರೆದು ತೋರಿಸುತ್ತದೆ. ಆಮೇಲೆ ರೆಂಡರ್ ಸ್ಕೇಲಿಂಗ್ (ಗೇಮ್ ಚಿತ್ರ ಬರೆಯುವ ರೆಸಲ್ಯೂಶನ್) ಅರ್ಧಕ್ಕೆ ಇಳಿಸಿ ಮತ್ತೆ ನೋಡಿ. ಜರ್ಕ್ ಹಾಗೇ ಇದ್ದರೆ ಅದಕ್ಕೆ ಕಾರ್ಡ್ ಕಾರಣ ಅಲ್ಲ.

ಗಾಳಿಪಟ

ಲೆಕ್ಕಿಗರು ಹೇಳಿದ್ದನ್ನು ಮೊದಲು ಮಾಡಿ. ಅದರ ಜೊತೆಗೆ ರೆಸಲ್ಯೂಶನ್ ಎಲ್ಲೆಲ್ಲಿ ಏರಿಸಿದ್ದೀರಿ ನೋಡಿ. ಲಿಂಕ್ ಆ್ಯಪ್‌ನಲ್ಲಿ ಒಂದು ಸ್ಲೈಡರ್, ಸ್ಟೀಮ್‌ವಿಆರ್‌ನಲ್ಲಿ ಇನ್ನೊಂದು, ಕೆಲವು ಗೇಮ್‌ಗಳ ಒಳಗೆ ಮೂರನೆಯದು. ಇವು ಒಂದರ ಮೇಲೊಂದು ಗುಣಿಸುತ್ತಾ ಹೋಗುತ್ತವೆ, ಎರಡು ಕಡೆ ಏರಿಸಿ ಮರೆತವರನ್ನು ತುಂಬಾ ನೋಡಿದ್ದೇನೆ. ಒಂದೇ ಕಡೆ ಬದಲಿಸಿ, ಉಳಿದವು ಮೂಲದಲ್ಲೇ ಇರಲಿ.

ಸ್ಟೀಮ್‌ವಿಆರ್‌ನ 100% ಎಂದರೆ ಹೆಡ್‌ಸೆಟ್ ಪರದೆಯ ರೆಸಲ್ಯೂಶನ್ ಎಂದು ಅನೇಕರು ಅಂದುಕೊಳ್ಳುತ್ತಾರೆ. ಅಲ್ಲ. ಲೆನ್ಸ್ ಚಿತ್ರವನ್ನು ಬಗ್ಗಿಸುತ್ತದೆ, ಅದನ್ನು ಸರಿಪಡಿಸಲು ಮೊದಲೇ ಉಲ್ಟಾ ಬಗ್ಗಿಸಬೇಕು, ಹಾಗೆ ಮಾಡಿದ ಮೇಲೂ ನಡುಭಾಗ ಸ್ಪಷ್ಟವಾಗಿ ಉಳಿಯಬೇಕೆಂದರೆ ಪರದೆಗಿಂತ ದೊಡ್ಡ ಚಿತ್ರ ಬರೆಯಬೇಕಾಗುತ್ತದೆ. ವಾಲ್ವ್ ಇಂಡೆಕ್ಸ್‌ನ ಪರದೆ ಒಂದು ಕಣ್ಣಿಗೆ 1440 ಗುಣಿಸು 1600, ಅದರ 100% ಮಾತ್ರ 2016 ಗುಣಿಸು 2240. ಹತ್ತಿರ ಹತ್ತಿರ ಎರಡು ಪಟ್ಟು ಪಿಕ್ಸೆಲ್. ಹಾಗಾಗಿ 100ಕ್ಕಿಂತ ಕೆಳಗೆ ಇಳಿಸಲು ಹಿಂಜರಿಯಬೇಡಿ, 80ರಲ್ಲಿ ಆಡಿ ನೋಡಿ, ವ್ಯತ್ಯಾಸ ನೀವು ಹೆದರಿದಷ್ಟು ಇರುವುದಿಲ್ಲ.

ಮೂರನೇಕಣ್ಣು

ನೋಡಿದೆ! ಅಲಿಕ್ಸ್‌ನಲ್ಲಿ ಜಿಪಿಯು 8ರ ಆಸುಪಾಸು ಆರಾಮಾಗಿದೆ. ಸಿಪಿಯು ಗೆರೆ ಮಾತ್ರ 9ರಲ್ಲಿ ಹೋಗುತ್ತಾ ಹೋಗುತ್ತಾ ಇದ್ದಕ್ಕಿದ್ದಂತೆ 16, 17ಕ್ಕೆ ಚಿಮ್ಮುತ್ತದೆ. ಸಿಮ್ಯುಲೇಟರ್ ಮೇನ್ ಥ್ರೆಡ್ ಎಂದೇ ತೋರಿಸುತ್ತಿದೆ, ಸ್ಕೇಲಿಂಗ್ 50ಕ್ಕೆ ಇಳಿಸಿದರೂ ಜರ್ಕ್ ಹೋಗಲಿಲ್ಲ, ಚಿತ್ರ ಮಸುಕಾಗಿದ್ದಷ್ಟೇ. ಅಂದರೆ ಪ್ರೊಸೆಸರ್ ಬದಲಿಸಬೇಕಾ?

ಸ್ಕ್ರೂಡ್ರೈವರ್

ತಡೆಯಿರಿ. 5600 ಅಲಿಕ್ಸ್‌ಗೆ ಧಾರಾಳ ಸಾಕು. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ವೇಗ ಎಷ್ಟು ತೋರಿಸುತ್ತದೆ? ಎಷ್ಟು ಸ್ಲಾಟ್ ತುಂಬಿದೆ?

ಮೂರನೇಕಣ್ಣು

ವೇಗ 2133. ಸ್ಲಾಟ್ 4ರಲ್ಲಿ 2. ಆದರೆ ರ‍್ಯಾಮ್ ಡಬ್ಬದ ಮೇಲೆ 3200 ಎಂದಿದೆ!

ಸ್ಕ್ರೂಡ್ರೈವರ್

ಸಿಕ್ಕಿತು ಅನ್ನಿಸುತ್ತದೆ. ರ‍್ಯಾಮ್ ಮೇಲೆ ಬರೆದ ವೇಗ ತಾನಾಗಿಯೇ ಬರುವುದಿಲ್ಲ. ಬಯೋಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಹೋಗಿ ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಬೇಕು, ಕೆಲವು ಮದರ್‌ಬೋರ್ಡ್‌ಗಳಲ್ಲಿ ಅದನ್ನು ಡಿಒಸಿಪಿ ಎಂದು ಕರೆಯುತ್ತಾರೆ. ಅಲ್ಲಿಯವರೆಗೆ 3200ರ ರ‍್ಯಾಮ್ 2133ರಲ್ಲೇ ನಿಧಾನವಾಗಿ ನಡೆಯುತ್ತಿರುತ್ತದೆ. ರೈಜನ್‌ನಲ್ಲಿ ಇದರ ಪೆಟ್ಟು ಇನ್ನೂ ಜಾಸ್ತಿ, ಯಾಕೆಂದರೆ ಪ್ರೊಸೆಸರ್ ಒಳಗಿನ ಭಾಗಗಳನ್ನು ಜೋಡಿಸುವ ದಾರಿಯ ವೇಗವೂ ಸಾಮಾನ್ಯವಾಗಿ ರ‍್ಯಾಮ್ ವೇಗದ ಜೊತೆಗೇ ಏರಿ ಇಳಿಯುತ್ತದೆ.

ಇನ್ನೊಂದು, ಕಂಪ್ಯೂಟರ್ ಆಫ್ ಮಾಡಿ, ವೈರ್ ತೆಗೆದು, ಕ್ಯಾಬಿನೆಟ್ ಬಿಚ್ಚಿ ಎರಡೂ ಸ್ಟಿಕ್ ಎಲ್ಲಿವೆ ನೋಡಿ. ಪಕ್ಕಪಕ್ಕದಲ್ಲೇ ಇದ್ದರೆ ಎರಡೂ ಒಂದೇ ಚಾನೆಲ್‌ನಲ್ಲಿ ಕೂತಿರಬಹುದು, ಅಂದರೆ ಎರಡು ಲೇನ್ ರಸ್ತೆಯಲ್ಲಿ ಒಂದೇ ಲೇನ್ ಓಡಾಟಕ್ಕೆ ಸಿಕ್ಕ ಹಾಗೆ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕು, ಬೋರ್ಡ್‌ನ ಪುಸ್ತಕದಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ.

ಆಮೇಲೆ ಹಿನ್ನೆಲೆಯಲ್ಲಿ ಓಡುವುದನ್ನೆಲ್ಲ ಮುಚ್ಚಿ. ಫ್ಯಾನ್, ಬಣ್ಣದ ಲೈಟ್, ತಾಪಮಾನ ತೋರಿಸುವ ಪ್ರೋಗ್ರಾಮ್‌ಗಳ ಮೇಲೆ ವಿಶೇಷ ಕಣ್ಣಿಡಿ. ಅವು ಸೆನ್ಸರ್‌ಗಳನ್ನು ಆಗಾಗ ಕೇಳುತ್ತಾ ಇರುತ್ತವೆ, ಕೇಳಿದಾಗೆಲ್ಲ ಗೆರೆ ಒಮ್ಮೆ ಚಿಮ್ಮಬಹುದು. ಗಡಿಯಾರ ಹಿಡಿದ ಹಾಗೆ ಎರಡು ಮೂರು ಸೆಕೆಂಡಿಗೊಮ್ಮೆ ಜರ್ಕ್ ಬರುತ್ತಿದ್ದರೆ ಮೊದಲು ಅವನ್ನೇ ಅನುಮಾನಿಸಿ. ವಿಂಡೋಸ್‌ನ ಗೇಮ್ ಬಾರ್‌ನಲ್ಲಿ ಹಿನ್ನೆಲೆ ರೆಕಾರ್ಡಿಂಗ್ ಇದ್ದರೆ ಅದೂ ಬೇಡ.

ರಿಜಿಸ್ಟ್ರಿಯಲ್ಲಿ ಮಾಡಿದ್ದನ್ನು ದಯವಿಟ್ಟು ವಾಪಸ್ ಹಾಕಿ. ನನ್ನದೇ ಒಂದು ಮೆಷಿನ್‌ನಲ್ಲಿ ಇಂಥದ್ದೇ ಯಾವುದೋ ಸ್ಕ್ರಿಪ್ಟ್ ಓಡಿಸಿ, ಮುಂದೆ ಬ್ಲೂಟೂತ್ ಯಾಕೆ ಸತ್ತಿತು ಎಂದು ಮೂರು ದಿನ ಹುಡುಕಿದ್ದೇನೆ. ಏನು ಬದಲಿಸಿದೆ ಎಂದು ನೆನಪಿಲ್ಲದ ಕಂಪ್ಯೂಟರನ್ನು ಸರಿಮಾಡುವುದು ತುಂಬಾ ಕಷ್ಟ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಅದೇ ಗೇಮ್‌ನ ಅದೇ ಜಾಗದಲ್ಲಿ ನಿಂತು ಗ್ರಾಫ್ ನೋಡಿ.

ಗಾಳಿಪಟ

ವಿಂಡೋಸ್ ಸೆಕ್ಯುರಿಟಿಯಲ್ಲಿ ಕೋರ್ ಐಸೊಲೇಶನ್ ಒಳಗಿನ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿದರೂ ಸ್ವಲ್ಪ ವೇಗ ಸಿಗುತ್ತದೆ. ಬೇಕಿದ್ದರೆ ಆಫ್ ಮಾಡಿ ಆಡಿ, ಆಮೇಲೆ ಮತ್ತೆ ಆನ್ ಮಾಡಬಹುದು ಎಂದು 2022ರಲ್ಲಿ ಮೈಕ್ರೋಸಾಫ್ಟೇ ಹೇಳಿತ್ತು.

ಸ್ಕ್ರೂಡ್ರೈವರ್

ಹೌದು, ಆದರೆ ಅದು ಸುರಕ್ಷತೆಗೆ ಇರುವಂಥದ್ದು. ಬ್ಯಾಂಕ್ ಕೆಲಸ, ಮೇಲ್ ಎಲ್ಲ ಇದೇ ಮೆಷಿನ್‌ನಲ್ಲಿ ಮಾಡುವವರಿಗೆ ನಾನು ಅದನ್ನು ಹೇಳುವುದಿಲ್ಲ. ರ‍್ಯಾಮ್ ಸರಿಮಾಡಿದರೆ ಸಿಗುವ ಲಾಭದ ಮುಂದೆ ಅದು ಸಣ್ಣದು. ಅದಕ್ಕಿಂತ ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿರುವ ಹಾರ್ಡ್‌ವೇರ್ ಆ್ಯಕ್ಸಿಲರೇಟೆಡ್ ಜಿಪಿಯು ಶೆಡ್ಯೂಲಿಂಗ್ ಒಮ್ಮೆ ಆನ್, ಒಮ್ಮೆ ಆಫ್ ಮಾಡಿ ನೋಡಲಿ. ಎರಡು ಸಲವೂ ರೀಸ್ಟಾರ್ಟ್ ಮಾಡಬೇಕು. ಒಬ್ಬರ ಮೆಷಿನ್‌ನಲ್ಲಿ ಆನ್ ಒಳ್ಳೆಯದು, ಇನ್ನೊಬ್ಬರಲ್ಲಿ ಆಫ್, ಇದಕ್ಕೆ ಎಲ್ಲರಿಗೂ ಹೊಂದುವ ಉತ್ತರ ಇಲ್ಲ.

ಕಾಕ್‌ಪಿಟ್‌ಕನಸು

ನಾನು ವಿಆರ್‌ನಲ್ಲಿ ಸಿಮ್ಯುಲೇಟರ್ ಬಿಟ್ಟು ಬೇರೇನೂ ಆಡುವುದಿಲ್ಲ, ಆದ್ದರಿಂದ ಅದರ ಬಗ್ಗೆ ಮಾತ್ರ.

ರ‍್ಯಾಮ್ ಸರಿಹೋದ ಮೇಲೂ ಸಿಮ್ಯುಲೇಟರ್ 90 ಮುಟ್ಟುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ನಿಮಗೆ ಹೊಟ್ಟೆ ತೊಳಸುವುದಕ್ಕೆ ಕಾರಣ ಬಹುಶಃ ಬರೀ ಕಡಿಮೆ ಎಫ್‌ಪಿಎಸ್ ಅಲ್ಲ, ಅದು ಮೇಲೆ ಕೆಳಗೆ ಜಿಗಿಯುವುದು. ಲಿಂಕ್‌ನಲ್ಲಿ ಫ್ರೇಮ್ ಊಹಿಸಿ ತುಂಬುವ ಎಎಸ್‌ಡಬ್ಲ್ಯೂ ಎನ್ನುವ ವ್ಯವಸ್ಥೆ ಇದೆ; ಅದು ಆಟೋದಲ್ಲಿ ಇದ್ದಾಗ ಗೇಮ್ 90 ಮುಟ್ಟದಿದ್ದರೆ ಅದನ್ನು 45ಕ್ಕೆ ಇಳಿಸಿ, ನಡುವಿನ ಫ್ರೇಮನ್ನು ಊಹಿಸಿ ತುಂಬುತ್ತದೆ. ಸ್ವಲ್ಪ ಹಗುರ ಆದರೆ ಮತ್ತೆ 90ಕ್ಕೆ ಬಿಡುತ್ತದೆ, ಮೋಡದ ಕಡೆ ತಿರುಗಿದರೆ ಮತ್ತೆ 45. ಈ ಜೋಲಿ ಹೊಡೆಯುವಿಕೆಯನ್ನು ಮೈ ತಡೆಯುವುದಿಲ್ಲ. ನಾನೂ ಇದೇ ಕಾರಣಕ್ಕೆ ಎರಡು ತಿಂಗಳು ಹೆಡ್‌ಸೆಟ್ ಮುಟ್ಟಿರಲಿಲ್ಲ.

ಹೀಗೆ ಮಾಡಿ. ಲಿಂಕ್ ಆ್ಯಪ್‌ನಲ್ಲಿ ರಿಫ್ರೆಶ್ ರೇಟ್ 72 ಹರ್ಟ್ಜ್ ಮಾಡಿ, ಒಂದು ಫ್ರೇಮ್‌ಗೆ 13.9 ಮಿಲಿಸೆಕೆಂಡ್ ಸಿಗುತ್ತದೆ. ಆಮೇಲೆ ಆಕ್ಯುಲಸ್ ಡೀಬಗ್ ಟೂಲ್ ತೆಗೆದು, ಅಥವಾ ಕೀಬೋರ್ಡ್‌ನಲ್ಲಿ ಕಂಟ್ರೋಲ್ ಜೊತೆ ನಂಬರ್ ಪ್ಯಾಡ್‌ನ 3 ಒತ್ತಿ ಎಎಸ್‌ಡಬ್ಲ್ಯೂ ಯಾವಾಗಲೂ ಆನ್ ಇರುವ ಹಾಗೆ ಲಾಕ್ ಮಾಡಿ. 1 ಒತ್ತಿದರೆ ಪೂರ್ತಿ ಆಫ್, 4 ಒತ್ತಿದರೆ ಮತ್ತೆ ಆಟೋ. 72ರಲ್ಲಿ ಲಾಕ್ ಆದರೆ ಸಿಮ್ಯುಲೇಟರ್ 36 ಫ್ರೇಮ್ ಕೊಟ್ಟರೆ ಸಾಕು, ಉಳಿದದ್ದು ಊಹೆಯದು. ವಿಮಾನದಲ್ಲಿ ಹೊರಗಿನ ದೃಶ್ಯ ನಿಧಾನವಾಗಿ ಸರಿಯುವುದರಿಂದ ಊಹೆ ಚೆನ್ನಾಗಿ ಕೂರುತ್ತದೆ. ಪ್ರೊಪೆಲ್ಲರ್ ಸುತ್ತ ಮತ್ತು ರೆಕ್ಕೆಯ ಅಂಚಿನಲ್ಲಿ ನೀರು ಅಲುಗಿದ ಹಾಗೆ ಕಾಣಬಹುದು, ಅದನ್ನು ಒಪ್ಪಿಕೊಳ್ಳಬೇಕು.

ಮೇನ್ ಥ್ರೆಡ್ ಹಗುರ ಆಗಬೇಕೆಂದರೆ ಟೆರೇನ್ ಮತ್ತು ಆಬ್ಜೆಕ್ಟ್ ಲೆವೆಲ್ ಆಫ್ ಡೀಟೇಲ್ (ನೆಲ ಮತ್ತು ವಸ್ತುಗಳನ್ನು ಎಷ್ಟು ವಿವರವಾಗಿ ತೋರಿಸಬೇಕು ಎನ್ನುವುದು) ಎರಡನ್ನೂ ಇಳಿಸಿ, ವಿಮಾನ ನಿಲ್ದಾಣದ ವಾಹನ ಮತ್ತು ಇತರ ವಿಮಾನಗಳ ಸಂಚಾರ ಕಡಿಮೆ ಮಾಡಿ, ಗ್ಲಾಸ್ ಕಾಕ್‌ಪಿಟ್ (ವಿಮಾನದ ಒಳಗಿನ ಡಿಜಿಟಲ್ ಪರದೆಗಳು) ರಿಫ್ರೆಶ್ ಲೋಗೆ ಹಾಕಿ. ಮೋಡ ಜಿಪಿಯುಗೆ ಸೇರಿದ್ದು, ನಿಮ್ಮ ಕಾರ್ಡ್‌ನಲ್ಲಿ ಜಾಗ ಇದ್ದರೆ ಮೋಡ ಚೆನ್ನಾಗಿಯೇ ಇರಲಿ. ಇನ್ನೊಂದು ಮುಖ್ಯ ವಿಷಯ: ಲಿಂಕ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಓಪನ್‌ಎಕ್ಸ್‌ಆರ್ ರನ್‌ಟೈಮ್ (ಗೇಮ್ ಮತ್ತು ಹೆಡ್‌ಸೆಟ್ ನಡುವಿನ ಸಾಫ್ಟ್‌ವೇರ್) ಯಾವುದೆಂದು ನೋಡಿ, ಅಲ್ಲಿಂದಲೇ ಲಿಂಕ್‌ನದನ್ನೇ ಆ್ಯಕ್ಟಿವ್ ಮಾಡಿ. ಇಲ್ಲದಿದ್ದರೆ ಸಿಮ್ಯುಲೇಟರ್ ಸುಮ್ನೆ ಸ್ಟೀಮ್‌ವಿಆರ್ ಸುತ್ತಿಕೊಂಡು ಬರುತ್ತದೆ.

ಫ್ರೇಮ್‌ಲೆಕ್ಕಿಗ

ಸಿಮ್ಯುಲೇಟರ್‌ಗೆ ಇದನ್ನು ಒಪ್ಪುತ್ತೇನೆ. ಅಲಿಕ್ಸ್‌ಗೆ, ಬೀಟ್ ಸೇಬರ್‌ಗೆ ಮಾತ್ರ ಎಎಸ್‌ಡಬ್ಲ್ಯೂ ಲಾಕ್ ಮಾಡಬೇಡಿ. ಕೈ ಬೇಗ ಆಡಿಸುವ ಗೇಮ್‌ನಲ್ಲಿ ಊಹೆ ತಪ್ಪುತ್ತದೆ, ಕೈಯ ಸುತ್ತ ಗಾಳಿ ಕಲಕಿದ ಹಾಗೆ ಕಾಣುತ್ತದೆ, ಗೇಮ್ ಕೈಯನ್ನು ಗಮನಿಸುವುದೂ ಅರ್ಧ ವೇಗದಲ್ಲಾಗುತ್ತದೆ. ಅಲ್ಲಿ ರೆಸಲ್ಯೂಶನ್ ಬಿಟ್ಟುಕೊಟ್ಟಾದರೂ ನಿಜವಾದ ಫ್ರೇಮ್ ಉಳಿಸಿಕೊಳ್ಳಿ.

ಮೂರನೇಕಣ್ಣು

ಎರಡು ಸ್ಟಿಕ್ ಪಕ್ಕಪಕ್ಕದಲ್ಲೇ ಇದ್ದವು! ಎರಡು ಮತ್ತು ನಾಲ್ಕಕ್ಕೆ ಹಾಕಿದೆ, ಎಕ್ಸ್‌ಎಂಪಿ ಆನ್ ಮಾಡಿದೆ, ಟಾಸ್ಕ್ ಮ್ಯಾನೇಜರ್ ಈಗ 3200 ತೋರಿಸುತ್ತಿದೆ. ಅಲಿಕ್ಸ್‌ನಲ್ಲಿ ಅದೇ ಬಾಗಿಲು, ಅದೇ ಜಾಗ: ಸಿಪಿಯು ಗೆರೆ 6, 7ರಲ್ಲಿ ಇದೆ, ಅಪರೂಪಕ್ಕೆ 10. ಕಪ್ಪು ಪಟ್ಟಿ ಹೋಯಿತು. ಲೈಟ್ ಪ್ರೋಗ್ರಾಮ್ ಮುಚ್ಚಿದ ಮೇಲೆ ಉಳಿದಿದ್ದ ಸಣ್ಣ ಜರ್ಕ್ ಕೂಡ ಹೋಯಿತು, ಅದು ಇತ್ತೆಂದೇ ನನಗೆ ಗೊತ್ತಿರಲಿಲ್ಲ. ರಿಜಿಸ್ಟ್ರಿ ಬದಲಾವಣೆ ಎಲ್ಲ ವಾಪಸ್ ಹಾಕಿದ್ದೇನೆ.

ಸಿಮ್ಯುಲೇಟರ್ 72 ಮಾಡಿ, 3 ಒತ್ತಿ ಲಾಕ್ ಮಾಡಿದೆ. ಓಪನ್‌ಎಕ್ಸ್‌ಆರ್ ಸ್ಟೀಮ್‌ವಿಆರ್‌ನಲ್ಲೇ ಇತ್ತು, ಬದಲಿಸಿದೆ. ನಿನ್ನೆ ರಾತ್ರಿ ಬೆಟ್ಟಗಳ ಮೇಲೆ ಐವತ್ತು ನಿಮಿಷ ಹಾರಿದೆ, ಇಳಿದಾಗ ಹೊಟ್ಟೆ ಆರಾಮಾಗಿತ್ತು. ದೊಡ್ಡ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ಮಾತ್ರ ಇನ್ನೂ ಸ್ವಲ್ಪ ಎಳೆಯುತ್ತದೆ. ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್.

ಕಾಕ್‌ಪಿಟ್‌ಕನಸು

ಓದಿ ಖುಷಿಯಾಯಿತು. ಅಲ್ಲಿ ಎಲ್ಲರಿಗೂ ಎಳೆಯುತ್ತದೆ. ಇಳಿಯುವ ಮೊದಲು ಟೆರೇನ್ ಲೆವೆಲ್ ಆಫ್ ಡೀಟೇಲ್ ಇನ್ನೊಂದು ಮೆಟ್ಟಿಲು ಇಳಿಸಿ, ನೆಲದ ಮೇಲೆ ನಿಂತ ವಿಮಾನಗಳ ಸಂಖ್ಯೆ ಸೊನ್ನೆಗೆ ತನ್ನಿ. ಮುಂದಿನ ಸಲ ಹಾರಿದ ಮೇಲೆ ಎಷ್ಟು ಮಿಲಿಸೆಕೆಂಡ್ ಬಂತು ಎಂದು ಇಲ್ಲೇ ಬರೆಯಿರಿ, ನನ್ನದರ ಜೊತೆ ಹೋಲಿಸಿ ನೋಡೋಣ.