288 ಗೆಲುವು ಸಾಲದೇ? ಬೇಸ್‌ಬಾಲ್‌ನ ಟಾಮಿ ಜಾನ್ ಇನ್ನೂ ಹಾಲ್ ಆಫ್ ಫೇಮ್ ಹೊರಗೇ ಯಾಕೆ?

ಎಡಗೈ_ಅಪ್ಪ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡ್ಕೋಬೇಡಿ.

ಹೋದ ತಿಂಗಳು ನನ್ನ ಮಗನಿಗೆ ಮೊಣಕೈ ಆಪರೇಷನ್ ಆಯಿತು. ಹದಿನೇಳು ವರ್ಷ, ಬೇಸ್‌ಬಾಲ್‌ನಲ್ಲಿ ಎಡಗೈ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು). ಡಾಕ್ಟರು ಸ್ಕ್ಯಾನ್ ನೋಡಿ "ಟಾಮಿ ಜಾನ್ ಮಾಡಲೇಬೇಕು" ಅಂದರು. ಕಾರಿನಲ್ಲಿ ಕೂತ ಮೇಲೆ ಮಗ ಕೇಳಿದ, "ಅಪ್ಪಾ, ಟಾಮಿ ಜಾನ್ ಅಂದ್ರೆ ಈ ಆಪರೇಷನ್ ಕಂಡುಹಿಡಿದ ಡಾಕ್ಟರಾ?" ಅಲ್ಲ ಕಣೋ, ನಿನ್ನ ಹಾಗೇ ಎಡಗೈ ಪಿಚರ್ ಅಂದೆ. "ಹಾಗಾದ್ರೆ ಹಾಲ್ ಆಫ್ ಫೇಮ್‌ನಲ್ಲಿ ಇರ್ತಾರಲ್ವಾ?" ಅಂದ. ಅದು ಬೇಸ್‌ಬಾಲ್‌ನ ಅತಿ ಶ್ರೇಷ್ಠರಿಗೆ ಸಿಗುವ ಗೌರವ. ಇಲ್ಲ ಅನ್ನೋದಕ್ಕೆ ನನಗೆ ನಾಲಿಗೆಯೇ ಏಳಲಿಲ್ಲ.

ಆವತ್ತಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. 1963ರಿಂದ 1989ರವರೆಗೆ 26 ಸೀಸನ್ ಆಡಿದ್ದಾರೆ. 288 ಗೆಲುವು, ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಲೆಕ್ಕಕ್ಕೆ ಬರುವ ಸರಾಸರಿ ರನ್, ಕಡಿಮೆ ಇದ್ದಷ್ಟೂ ಒಳ್ಳೇದು) 3.34, 46 ಶಟ್‌ಔಟ್ (ಒಬ್ಬರೇ ಪೂರ್ತಿ ಎಸೆದು ಒಂದು ರನ್ನೂ ಕೊಡದ ಪಂದ್ಯ). ಎಡಗೈ ಪಿಚರ್‌ಗಳಲ್ಲಿ ಇವರಿಗಿಂತ ಜಾಸ್ತಿ ಗೆದ್ದವರು ಆರೇ ಜನ: ಸ್ಪಾನ್, ಕಾರ್ಲ್‌ಟನ್, ಪ್ಲ್ಯಾಂಕ್, ಗ್ಲಾವಿನ್, ರ‍್ಯಾಂಡಿ ಜಾನ್ಸನ್, ಲೆಫ್ಟಿ ಗ್ರೋವ್. ಆರೂ ಜನ ಕೂಪರ್ಸ್‌ಟೌನ್‌ನಲ್ಲಿದ್ದಾರೆ, ಅಂದರೆ ಆ ಊರಿನ ಹಾಲ್ ಆಫ್ ಫೇಮ್‌ನಲ್ಲಿ.

ಇದರಲ್ಲಿ ನನ್ನನ್ನು ತುಂಬಾ ಕಾಡುವುದು 1974. ಜುಲೈ ಮಧ್ಯದ ಹೊತ್ತಿಗೆ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡದ ಪರ 13 ಗೆಲುವು, 3 ಸೋಲು. ಮಾಂಟ್ರಿಯಲ್ ವಿರುದ್ಧ ಒಂದು ಪಿಚ್ ಎಸೆದರು, ಮೊಣಕೈ ಒಳಗಿನ ಲಿಗಮೆಂಟ್ ಹರಿಯಿತು. ಆಗ ಪಿಚರ್‌ಗೆ ಅದೇ ಕೊನೆ. ಸೆಪ್ಟೆಂಬರ್ 25ರಂದು ಡಾ. ಫ್ರಾಂಕ್ ಜೋಬ್ ಬಲಗೈಯಿಂದ ಒಂದು ಟೆಂಡನ್ ತೆಗೆದು ಎಡ ಮೊಣಕೈಗೆ ಹೆಣೆದರು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಅಂದಿದ್ದರು. 1975 ಪೂರ್ತಿ ಹೋಯಿತು. 1976ರಲ್ಲಿ ವಾಪಸ್ ಬಂದು 10 ಗೆದ್ದರು. ಆಪರೇಷನ್ ಆದ ಮೇಲೆ ಒಟ್ಟು 164 ಗೆಲುವು! ಮೊದಲಿಗಿಂತ ಆಮೇಲೆ ಗೆದ್ದಿದ್ದೇ ಜಾಸ್ತಿ.

ಇವರು ಅರ್ಹರಲ್ಲ ಅನ್ನುವವರು ದಯವಿಟ್ಟು ಕಾರಣ ಬಿಡಿಸಿ ಹೇಳಿ. ಮಗನಿಗೆ ಸರಿಯಾದ ಉತ್ತರ ಕೊಡಬೇಕು ನಾನು.

ಅಂಕಿ_ಲೆಕ್ಕ:

ಮೊದಲು, ನಿಮ್ಮ ಮಗ ಬೇಗ ಹುಷಾರಾಗಲಿ.

ಅರ್ಹರಲ್ಲ ಅನ್ನುವವರಲ್ಲಿ ನಾನೂ ಒಬ್ಬ. ಅವರ ಮೇಲೆ ಗೌರವ ಕಡಿಮೆ ಅಂತಲ್ಲ. 288ನ್ನು 26ರಿಂದ ಭಾಗಿಸಿ ನೋಡಿ, ಸೀಸನ್‌ಗೆ 11 ಗೆಲುವು. 4,710 ಇನ್ನಿಂಗ್ಸ್ ಎಸೆದು ಬರೀ 2,245 ಸ್ಟ್ರೈಕ್‌ಔಟ್ (ಬ್ಯಾಟರ್ ಚೆಂಡು ಹೊಡೆಯಲಾಗದೆ ಔಟ್ ಆಗುವುದು). ವರ್ಷದ ತಾರೆಯರ ತಂಡವಾದ ಆಲ್-ಸ್ಟಾರ್‌ಗೆ ಆಯ್ಕೆ ನಾಲ್ಕೇ ಸಲ. ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಒಂದೂ ಇಲ್ಲ, ಎರಡು ಸಲ ಎರಡನೇ ಸ್ಥಾನ. ಬಹಳ ಕಾಲ ಚೆನ್ನಾಗಿ ಆಡಿದರು, ಒಪ್ಪುತ್ತೇನೆ. ಆದರೆ ಆ ಕಾಲದ ಅತಿ ಶ್ರೇಷ್ಠ ಪಿಚರ್ ಯಾರು ಅಂತ ಕೇಳಿದರೆ ಸೀವರ್, ಪಾಮರ್, ಕಾರ್ಲ್‌ಟನ್ ಹೆಸರು ಬರುತ್ತದೆ. ಟಾಮಿ ಜಾನ್ ಹೆಸರು ಯಾರ ಬಾಯಲ್ಲೂ ಮೊದಲು ಬರುವುದಿಲ್ಲ.

ಹಾಲ್ ಆಫ್ ಫೇಮ್‌ಗಾಗಿ ಬೇಸ್‌ಬಾಲ್ ವರದಿಗಾರರು 15 ವರ್ಷ ಇವರ ಹೆಸರಿನ ಮೇಲೆ ವೋಟ್ ಮಾಡಿದ್ದಾರೆ. ಬೇಕಿದ್ದದ್ದು ಶೇ. 75. ಕೊನೆಯ ಸಲ, 2009ರಲ್ಲಿ, ಸಿಕ್ಕಿದ್ದು ಶೇ. 31.7. ಅದಕ್ಕಿಂತ ಮೇಲೆ ಯಾವತ್ತೂ ಹೋಗಲೇ ಇಲ್ಲ.

ಬುಲ್‌ಪೆನ್_ಬೆಂಚು:

ಅಂಕಿ ಅವರೇ, ಸರಾಸರಿ ತೆಗೆದು ಒಳ್ಳೆ ವರ್ಷಗಳನ್ನು ಮುಚ್ಚಿಹಾಕಬೇಡಿ. 1977ರಿಂದ 1980ರವರೆಗೆ ನೋಡಿ: 20, 17, 21, 22. ನಾಲ್ಕು ವರ್ಷಕ್ಕೆ 80 ಗೆಲುವು. ಅದೂ ಹೆಣೆದ ಮೊಣಕೈಯಲ್ಲಿ!

ಸ್ಟ್ರೈಕ್‌ಔಟ್ ಕಡಿಮೆ ಅನ್ನೋದು ಇವರ ಮಟ್ಟಿಗೆ ತಪ್ಪೇ ಅಲ್ಲ. ಇವರ ಬತ್ತಳಿಕೆಯಲ್ಲಿ ಇದ್ದದ್ದು ಸಿಂಕರ್. ಚೆಂಡು ಬ್ಯಾಟ್ ಹತ್ತಿರ ಬಂದಾಗ ಕೆಳಗೆ ಕುಸಿಯುತ್ತದೆ, ಹೊಡೆದವನು ನೆಲಕ್ಕೆ ಹೊಡೆಯುತ್ತಾನೆ, ಶಾರ್ಟ್‌ಸ್ಟಾಪ್ ಜಾಗದ ಫೀಲ್ಡರ್ ಎತ್ತಿ ಎಸೆಯುತ್ತಾನೆ. ಒಂದೇ ಚೆಂಡಿಗೆ ಇಬ್ಬರು ಔಟ್ ಆಗುವುದೂ ಉಂಟು. ಹಾಗೆ ಎಸೆದದ್ದಕ್ಕೇ 46 ವರ್ಷದವರೆಗೂ ಆಡೋಕಾಯಿತು.

ಇನ್ನು ಜಿಮ್ ಕಾಟ್ ಅನ್ನುವ ಇನ್ನೊಬ್ಬ ಎಡಗೈ ಪಿಚರ್ ವಿಷಯ. 25 ಸೀಸನ್, 283 ಗೆಲುವು, ಇಆರ್‌ಎ 3.45. ಅವರನ್ನು 2022ರಲ್ಲಿ ಸೇರಿಸಿಕೊಂಡರು. ಕಾಟ್‌ಗೆ ಬಾಗಿಲು ತೆಗೆದು ಇವರಿಗೆ ಮುಚ್ಚೋದು ಯಾವ ನ್ಯಾಯ?

ಅಂಕಿ_ಲೆಕ್ಕ:

ಕಾಟ್‌ಗೆ 16 ಗೋಲ್ಡ್ ಗ್ಲವ್ (ಶ್ರೇಷ್ಠ ಫೀಲ್ಡಿಂಗ್ ಪ್ರಶಸ್ತಿ) ಇವೆ, ಅದನ್ನೂ ಸೇರಿಸಿ ತೂಗಿ. ಇನ್ನೊಂದು ಮಾತು. 2017ರ ಡಿಸೆಂಬರ್‌ನಲ್ಲಿ ವರದಿಗಾರರ ವೋಟ್‌ನಲ್ಲಿ ಆಯ್ಕೆಯಾಗದವರನ್ನು ಮತ್ತೆ ನೋಡುವ ಸಮಿತಿ ಮುಂದೆ ಪಿಚರ್ ಜ್ಯಾಕ್ ಮಾರಿಸ್ ಮತ್ತು ಟಾಮಿ ಜಾನ್ ಇಬ್ಬರ ಹೆಸರೂ ಇದ್ದವು. ಮಾರಿಸ್ ಗೆಲುವು 254, ಇಆರ್‌ಎ 3.90. ಆದರೂ ಮಾರಿಸ್ ಆಯ್ಕೆಯಾದರು. ಯಾಕೆ? 1991ರ ವರ್ಲ್ಡ್ ಸೀರೀಸ್ (ವರ್ಷದ ಫೈನಲ್ ಸರಣಿ) ಏಳನೇ ಪಂದ್ಯದಲ್ಲಿ ಹತ್ತು ಇನ್ನಿಂಗ್ಸ್, ಒಂದು ರನ್ನೂ ಕೊಡದೆ ಎಸೆದರು. ಆ ರಾತ್ರಿಯನ್ನು ಯಾರೂ ಮರೆತಿಲ್ಲ. ಟಾಮಿ ಜಾನ್‌ಗೆ ಅಂಥ ಒಂದು ರಾತ್ರಿ ಇಲ್ಲ.

ಬುಲ್‌ಪೆನ್_ಬೆಂಚು:

ಇಲ್ಲ ಅಂದರೆ ಅದು ಅವರ ತಪ್ಪಾ? ಪ್ಲೇಆಫ್, ವರ್ಲ್ಡ್ ಸೀರೀಸ್ ಎಲ್ಲಾ ಸೇರಿ 6 ಗೆಲುವು, 3 ಸೋಲು, ಇಆರ್‌ಎ 2.65. ದೊಡ್ಡ ಪಂದ್ಯದಲ್ಲಿ ಇನ್ನೂ ಚೆನ್ನಾಗಿ ಎಸೆದಿದ್ದಾರೆ. 1977, 1978ರ ವರ್ಲ್ಡ್ ಸೀರೀಸ್‌ನಲ್ಲಿ ಡಾಡ್ಜರ್ಸ್ ತಂಡದಲ್ಲಿದ್ದು ನ್ಯೂಯಾರ್ಕ್‌ನ ಯಾಂಕೀಸ್‌ಗೆ ಸೋತರು. ಆಮೇಲೆ ಯಾಂಕೀಸ್‌ಗೇ ಹೋದರು, 1981ರಲ್ಲಿ ಡಾಡ್ಜರ್ಸ್‌ಗೆ ಸೋತರು! ಆ ಸೀರೀಸ್‌ನ ಆರನೇ ಪಂದ್ಯ 1-1 ಇದ್ದಾಗ, ನಾಲ್ಕು ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ, ಇವರ ಬದಲು ಬೇರೆ ಬ್ಯಾಟರ್‌ನನ್ನು ಇಳಿಸಿ ಹೊರಗೆ ಕೂರಿಸಿದರು. ಯಾಂಕೀಸ್ 9-2ರಲ್ಲಿ ಸೋತರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎಡಗೈ_ಅಪ್ಪ:

ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಇದನ್ನೆಲ್ಲಾ ಮಗನಿಗೆ ಓದಿ ಹೇಳಿದೆ.

ಅಂಕಿ ಅವರೇ, "ಗಾಯ ಆಗದಿದ್ದರೆ 300 ಗೆಲುವು ದಾಟುತ್ತಿದ್ದರು" ಅಂತ ನಾನು ವಾದ ಮಾಡುವುದಿಲ್ಲ. ಇನ್ನು 12 ಗೆಲುವು ಬೇಕಿತ್ತು, ನಿಜ. ಆದರೆ ಎಸೆಯದ ಚೆಂಡಿಗೆ ಲೆಕ್ಕ ಇಲ್ಲ, ಅದು ನನಗೂ ಗೊತ್ತು. ನಾನು ಹೇಳೋದು ಎಸೆದ ಚೆಂಡಿನ ಬಗ್ಗೆ. ಬೇರೆ ಪಿಚರ್‌ಗಳಿಗೆ ಬಹಳ ಕಾಲ ಆಡೋದು ಬರೀ ಲೆಕ್ಕ ತುಂಬಿಸೋದು ಆಗಿರಬಹುದು. ಇವರಿಗೆ ಹಾಗಲ್ಲ. ಆ ಕೈ ಒಂದೆರಡು ವರ್ಷದಲ್ಲಿ ಮತ್ತೆ ಹರಿದಿದ್ದರೆ, ಜೋಬ್ ಮಾಡಿದ ಕೆಲಸವನ್ನು ಯಾರು ನಂಬುತ್ತಿದ್ದರು? ಹದಿನಾಲ್ಕು ಸೀಸನ್ ತಡೆಯಿತು. ಅದನ್ನು ನೋಡಿಯೇ ಬೇರೆ ಪಿಚರ್‌ಗಳು ಧೈರ್ಯವಾಗಿ ಆಪರೇಷನ್‌ಗೆ ಕೈ ಒಡ್ಡಿದರು. ಹಾಗಾಗಿ ಆ 164 ಗೆಲುವನ್ನು ಸೀಸನ್‌ಗೆ ಇಷ್ಟು ಅಂತ ಭಾಗಿಸೋಕೆ ನನಗೆ ಮನಸ್ಸು ಬರಲ್ಲ. 2013ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಜೋಬ್ ಅವರಿಗೆ ಗೌರವ ಮಾಡಿದರು. ಒಳ್ಳೇದಾಯಿತು. ಆ ಆಪರೇಷನ್‌ಗೆ ಮೊದಲು ಕೈ ಒಡ್ಡಿದವರಿಗೆ ಇನ್ನೂ ಇಲ್ಲ.

2024ರ ಡಿಸೆಂಬರ್‌ನಲ್ಲಿ ಸಮಿತಿಯ 16 ಜನರಲ್ಲಿ 7 ಜನ ಹೌದು ಅಂದರು, 12 ಬೇಕಿತ್ತು. ಮುಂದಿನ ಸರದಿ 2027ರ ಡಿಸೆಂಬರ್. ಆಗ ಅವರಿಗೆ 84 ವರ್ಷ.

ಎಲ್ಲಾ ಕೇಳಿಸಿಕೊಂಡು ಮಗ ಒಂದೇ ಪ್ರಶ್ನೆ ಕೇಳಿದ: "ಅವರು ವಾಪಸ್ ಬಂದು ಮೊದಲನೇ ಸಲ ಜೋರಾಗಿ ಎಸೆದಾಗ ಹೆದರಿಕೆ ಆಗಿರಲ್ವಾ ಅಪ್ಪಾ?" ಅವನ ಡಾಕ್ಟರು ಚೆಂಡು ಮುಟ್ಟೋಕೆ ಇನ್ನೂ ನಾಲ್ಕು ತಿಂಗಳು ಬೇಕು ಅಂದಿದ್ದಾರೆ.